ನಮ್ಮ ಕಣ್ಣಿಗೆ ಅವರು ಆರಿಸಿದ ಚಾಳೀಸು

ನನ್ನ ಬಲಗಣ್ಣಿನ ಬೆಲೆ ಶೇ 30.

ಈ ಲೆಕ್ಕ ನಾನು ಹಾಕಿದ್ದಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿಯಿತ್ತು. ಕಟುಕನ ಹಲಗೆಯ ಮೇಲೆ ತುಂಡು ಜೋಡಿಸಿಟ್ಟಂತೆ ದುಡಿಯುವವರ ಮೈಯನ್ನು ಅಲ್ಲಿ ಬಿಡಿಬಿಡಿಯಾಗಿ ಜೋಡಿಸಿ ಎದುರಿಗೆ ದರ ಬರೆದಿದ್ದರು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 30 ನಷ್ಟ. ಇನ್ನೊಂದು ಕಣ್ಣು ನೆಟ್ಟಗಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ ಅದಕ್ಕೂ ಶೇ 30. ಗುಡ್ಡೆಯೇ ಕಿತ್ತುಹೋದರೆ ಶೇ 40. ಅರೆಬರೆ ಮಂಜಾದರೆ ಶೇ 10. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳನ್ನೆಲ್ಲ ನುಂಗಿಕೊಂಡು ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಪಟ್ಟಿ ಮಾತ್ರ ಹಳೆಯ ಪುಸ್ತಕದಿಂದ ಎದ್ದು ಹೊಸ ಪುಸ್ತಕದಲ್ಲಿ ಹೋಗಿ ಕುಳಿತಿತು.

ಒಂದೇ ಕಣ್ಣಿನಲ್ಲಿ ಬದುಕುವುದು ಏನೆಂದು ಈ ಪಟ್ಟಿ ಬರೆದವರಿಗೆ ತಿಳಿದಿಲ್ಲ. ಮೆಟ್ಟಿಲು ಎಷ್ಟು ಆಳಕ್ಕಿದೆ ಎಂದು ಕಾಲಿಗೆ ಗೊತ್ತಾಗುವುದಿಲ್ಲ. ಬಲಗಡೆಯಿಂದ ಬರುವ ಬೈಕು ಮೈಮೇಲೆ ಬಂದಾಗಲೇ ಕಾಣುವುದು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಗಾಳಿಯನ್ನು ಚುಚ್ಚುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಚಹಾ ಕೊಟ್ಟ ಮೇಲೆ ಹುಡುಗಿಯ ಸೋದರಮಾವ ನನ್ನ ಮುಖದ ಹತ್ತಿರ ಬಗ್ಗಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಗತ್ತಿನಲ್ಲಿ, ‘ಹೂ ಬಿದ್ದದ್ದು ಹುಟ್ಟಿದಾಗಿಂದನೋ, ನಡುವ ಆಗಿದ್ದೋ?’ ಎಂದು ಕೇಳಿದ. ಕೇರಿಯಲ್ಲಿ ನನಗೊಂದು ಹೆಸರಿತ್ತು. ಆಮೇಲೆ ನಾನು ಹೂಗಣ್ಣ.

ಆ ಶೇ 30 ಕೂಡ ನನ್ನ ಕೈಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಅವ್ವನ ಕಣ್ಣಿನ ಸುದ್ದಿ ಹೇಳಬೇಕು. ಅವಳ ಕಣ್ಣಿಗೆ ಆ ಪಟ್ಟಿಯಲ್ಲಿ ದರವೇ ಇಲ್ಲ.

ನಮ್ಮೂರು ಕರ್ಜಗಿ, ಹಾವೇರಿ ತಾಲ್ಲೂಕು, ವರದಾ ನದಿಯ ಮಗ್ಗುಲ ಊರು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೇ ಈ ಊರಿನ ಹೆಸರಿತ್ತು. ಈಗ ಹೊರಗಿನವರಿಗೆ ಇದು ಕಾರಹುಣ್ಣಿಮೆಯ ಊರು, ಹುಬ್ಬಳ್ಳಿ–ಹರಿಹರದ ಹಳಿಯ ಮೇಲಿನ ಒಂದು ಸಣ್ಣ ಸ್ಟೇಷನ್. ಹಾವೇರಿ ದಾಟಿದರೆ ಬ್ಯಾಡಗಿ, ಬ್ಯಾಡಗಿ ದಾಟಿದರೆ ರಾಣೆಬೆನ್ನೂರು. ಹೊಲ ಇಲ್ಲದ ಮನೆಗಳ ಹೆಣ್ಣುಮಕ್ಕಳು ರೊಟ್ಟಿ ಕಟ್ಟಿಕೊಂಡು ಈ ದಾರಿಯಲ್ಲೇ ಕೂಲಿಗೆ ಹೋಗುತ್ತಾರೆ. ಅವ್ವ ಬ್ಯಾಡಗಿಗೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುತ್ತಿದ್ದಳು. ಚಳಿಗಾಲದಲ್ಲಿ ಹೊಸ ಕಾಯಿ ಬರಲು ಸುರುವಾದರೆ ಬೇಸಿಗೆ ಮುಗಿಯುವವರೆಗೂ ಅದೇ ಕೆಲಸ. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿದರೆ ಚೀಲಗಳ ಗುಡ್ಡೆ, ಹಮಾಲರ ಓಟ, ನೆಲದಿಂದ ಏಳುವ ಕೆಂಪು ಧೂಳು. ಆ ಧೂಳಿನ ನಡುವೆ ಕೂತ ಹೆಂಗಸರ ಮುಖದ ಮೇಲೆ ಇರುವುದು ಸೀರೆಯ ಸೆರಗು. ಮೂಗು ಬಾಯಿಗೆ ಸೆರಗು. ಕಣ್ಣಿಗೆ ಏನೂ ಇಲ್ಲ.

ಸಂಜೆ ರೈಲಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ‘ಯವ್ವಾ, ಬಾಗಿಲಕಡೆ ಹೋಗಿ ನಿಂದ್ರ, ಘಾಟು ಬಡೀತೈತಿ’ ಎನ್ನುತ್ತಿದ್ದರು. ಸೀಟು ಖಾಲಿ ಇದ್ದರೂ ಅವಳು ಬಾಗಿಲಲ್ಲಿ ನಿಂತೇ ಬರುತ್ತಿದ್ದಳು. ಹಾಗೆ ಹೇಳಿದವರ ಮನೆಯ ಸಾರಿನ ಬಣ್ಣ ಅವಳ ಬೆರಳಿನಿಂದ ಹಾದುಹೋದದ್ದು. ಮನೆಗೆ ಬಂದರೆ ನನ್ನ ತಂಗಿಯನ್ನು ಎತ್ತಿಕೊಳ್ಳುವಂತಿರಲಿಲ್ಲ. ಹಸುಗೂಸು ಹಾಲಿಗೆ ಅಳುತ್ತಿದ್ದರೆ ಅವಳು ಕೈಗೆ ಎಣ್ಣೆ ಸವರಿ, ತಿಕ್ಕಿ, ತೊಳೆದು, ಮತ್ತೆ ಎಣ್ಣೆ ಸವರಿ ಕಾಯುತ್ತಿದ್ದಳು. ಓದಿದ ಮೇಲೆ ನನಗೆ ತಿಳಿಯಿತು: ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಅಕ್ಷರ ಬಾರದ ಅವ್ವನಿಗೆ ಇದು ಮೊದಲೇ ಗೊತ್ತಿತ್ತು. ಆದರೆ ಕಣ್ಣಿಗೆ ಎಣ್ಣೆ ಸವರಲು ಬರುತ್ತದೆಯೇ? ರಾತ್ರಿ ಎಲ್ಲ ಒದ್ದೆ ಬಟ್ಟೆ ಕಣ್ಣ ಮೇಲೆ ಇಟ್ಟುಕೊಂಡು ಮಲಗುತ್ತಿದ್ದಳು. ಬೆಳಗ್ಗೆ ರೆಪ್ಪೆ ಅಂಟಿಕೊಂಡಿರುತ್ತಿದ್ದವು. ಬೆಚ್ಚನೆ ನೀರಿನಿಂದ ಬಿಡಿಸಿಕೊಂಡು ಮತ್ತೆ ರೈಲಿಗೆ ಓಡುತ್ತಿದ್ದಳು.

‘ಬ್ಯಾಡಗಿ ಕಾಯಿಗೆ ಖಾರನ ಇಲ್ಲಲ್ಲ, ಬರೇ ಬಣ್ಣ. ಕಣ್ಣು ಯಾಕ ಉರೀತೈತಿ?’ ಅವ್ವನಿಗೆ ಒಬ್ಬ ದಲಾಲಿ ಅಂಗಡಿಯವನು ಹೇಳಿದ ಮಾತು. ನಿಜ, ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದಕ್ಕೇ 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇದರ ಬಣ್ಣದ ಸಾರ ತೆಗೆದು ತಿಂಡಿಗೂ ತುಟಿಯ ಬಣ್ಣಕ್ಕೂ ಬಳಸುತ್ತಾರೆ. ಆದರೆ ಕಡಿಮೆ ಖಾರ ಎಂದರೆ ಖಾರವೇ ಇಲ್ಲ ಎಂದಲ್ಲ. ಅಡುಗೆಯಲ್ಲಿ ಎರಡು ಕಾಯಿ ಹಾಕುವವರ ಲೆಕ್ಕ ಬೇರೆ, ಎದುರಿಗೆ ಒಂದು ಗುಡ್ಡೆ ಹಾಕಿಕೊಂಡು ಹಗಲೆಲ್ಲ ಅದರ ಧೂಳಿನಲ್ಲಿ ಕೂರುವವರ ಲೆಕ್ಕ ಬೇರೆ. ಆ ಅಂಗಡಿಯವನು ತನ್ನ ಕಣ್ಣಿಗೆ ಒಂದು ಚಿಟಿಕೆ ಹಾಕಿಕೊಂಡು ಈ ಮಾತು ಆಡಲಿ.

2014ರ ಫೆಬ್ರುವರಿ 13ರಂದು ಲೋಕಸಭೆಯಲ್ಲಿ ತೆಲಂಗಾಣ ಮಸೂದೆಯ ಗದ್ದಲ ನಡೆದಾಗ ಸಂಸದರೊಬ್ಬರು ಮೆಣಸಿನ ಸ್ಪ್ರೇ ಹೊಡೆದರು. ಸದಸ್ಯರು ಕೆಮ್ಮಿದರು, ಕಣ್ಣೊರೆಸಿಕೊಂಡು ಹೊರಗೋಡಿದರು. ಕೆಲವರನ್ನು ಆಸ್ಪತ್ರೆಗೆ ಕರೆದೊಯ್ದರು. ಕಲಾಪ ನಿಂತಿತು. ಪ್ರಜಾಪ್ರಭುತ್ವಕ್ಕೆ ಕಳಂಕ ಎಂದು ದೇಶವೆಲ್ಲ ಬೊಬ್ಬೆ ಹೊಡೆಯಿತು. ಆ ಡಬ್ಬಿಯಲ್ಲಿದ್ದ ಉರಿಯ ಮೂಲ ಯಾವುದೋ, ಅವ್ವನ ಕಣ್ಣಿನ ಉರಿಯ ಮೂಲವೂ ಅದೇ. ಫೆಬ್ರುವರಿ ಎಂದರೆ ಬ್ಯಾಡಗಿಯಲ್ಲಿ ಸುಗ್ಗಿ. ಅವತ್ತೂ ನಮ್ಮ ಹೆಂಗಸರು ಆ ಧೂಳಿನಲ್ಲಿ ಕೂತಿದ್ದರು. ಯಾರ ಕಲಾಪವೂ ನಿಲ್ಲಲಿಲ್ಲ.

ಕ್ಯಾಪ್ಸೈಸಿನ್ ನಮ್ಮ ನರದಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲನ್ನೇ ತೆರೆಯುತ್ತದೆ, ಅದಕ್ಕೇ ಖಾರ ಸುಟ್ಟಂತೆ ಅನಿಸುತ್ತದೆ ಎಂದು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು. ಬರಲಿ, ದೊಡ್ಡ ಕೆಲಸ ಅದು. ಆದರೆ ಖಾರ ಕಣ್ಣನ್ನು ಸುಡುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಸಿಕ್ಕ ಮೇಲೂ ನಮ್ಮ ಮಾರುಕಟ್ಟೆಗಳಲ್ಲಿ, ಪುಡಿ ಮಾಡುವ ಗಿರಣಿಗಳಲ್ಲಿ ಹೆಂಗಸರಿಗೆ ಒಂದು ಗಾಗಲ್ ಕೊಡಬೇಕೆಂದರೆ ‘ಅವರಿಗೆ ರೂಢಿ ಆಗೈತಿ’ ಎನ್ನುತ್ತಾರೆ. ರೂಢಿ! ಹೊಲೆ, ಹಸಿವು, ಗಟಾರ, ಎಲ್ಲಕ್ಕೂ ನಮಗೆ ರೂಢಿಯಾಗಿದೆ ಎಂದು ಹೇಳುತ್ತ ಬಂದ ಬಾಯಿಯೇ ಇದು. ನಿಮ್ಮ ಮಕ್ಕಳಿಗೆ ರೂಢಿ ಮಾಡಿಸಿ.

ಅವ್ವನಿಗೆ ಬೇಕಿದ್ದದ್ದು ಎಂಥ ಚಾಳೀಸು? ಮೂಗಿನ ಮೇಲೆ ಕೂರುವ ಬರೀ ಪಾರದರ್ಶಕ ಚಸ್ಮಾ ಅಲ್ಲ. ಅದರ ಮೇಲಿಂದ, ಕೆಳಗಿಂದ, ಮಗ್ಗುಲಿಂದ ಧೂಳು ನುಗ್ಗುತ್ತದೆ. ಮುಖಕ್ಕೆ ಸುತ್ತಲೂ ಮೆತ್ತಗೆ ಒತ್ತಿಕೊಳ್ಳುವ ಅಂಚಿರುವ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಇರುವ ಗಾಗಲ್ ಬೇಕು. ಗಾಳಿಯ ತೂತುಗಳಿರಬೇಕು, ಆದರೆ ನೇರ ತೂತಾಗಿರಬಾರದು. ನೇರ ತೂತಿನಿಂದ ಗಾಳಿಯ ಜೊತೆ ಖಾರವೂ ಒಳಗೆ ಬರುತ್ತದೆ. ಗಾಳಿ ಬಳಸಿ ಒಳಬರುವ ಹಾಗೆ ಮುಚ್ಚಳವಿರುವ ತೂತು ಬೇಕು. ಯುರೋಪಿನ ಇಎನ್ 166 ಮಾನದಂಡದಲ್ಲಿ ಚೌಕಟ್ಟಿನ ಮೇಲೆ 4 ಎಂದಿದ್ದರೆ ದಪ್ಪ ಧೂಳಿಗೆ, 5 ಎಂದಿದ್ದರೆ ಸಣ್ಣ ಧೂಳು ಮತ್ತು ಅನಿಲಕ್ಕೆ, 3 ಎಂದಿದ್ದರೆ ಸಿಡಿಯುವ ದ್ರವಕ್ಕೆ ಎಂದು ಅರ್ಥ. ತುಂಬು ಬಿಡಿಸುವಲ್ಲಿ 4 ಸಾಕಾದೀತು, ಪುಡಿ ಗಿರಣಿಯಲ್ಲಿ 5 ಬೇಕು. ನಮ್ಮ ದೇಶದ್ದೇ ಐಎಸ್ 5983 ಮಾನದಂಡವಿದೆ. ಗುರುತು ಕೆತ್ತಿರದ ಗಾಗಲ್ ಎಷ್ಟೇ ಹೊಳೆಯಲಿ, ಅದು ಆಟಿಕೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಬ್ಯಾಡಗಿಯ ಮಾರ್ಚಿನ ಸೆಕೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಗಾಗಲ್ ಹಾಕಿದರೆ ಸ್ವಲ್ಪ ಹೊತ್ತಿಗೆ ಒಳಗೆ ಬೆವರಿನ ಹಬೆ ಕಟ್ಟುತ್ತದೆ. ಹಬೆ ಕಟ್ಟದ ಲೇಪನ ಇರುವುದೇ ಬೇಕು. ನಲವತ್ತು ದಾಟಿದ ಹೆಂಗಸಿಗೆ ಹತ್ತಿರದ ತುಂಬು ಕಾಣುವುದಿಲ್ಲ, ಓದುವ ಚಾಳೀಸು ಬೇಕು. ಅದರ ಮೇಲೆ ಕೂರುವಷ್ಟು ಅಗಲದ ಗಾಗಲ್ ಇಲ್ಲದಿದ್ದರೆ ಅವಳು ಎರಡರಲ್ಲಿ ಒಂದನ್ನು ಬಿಡಬೇಕು. ಕೂಲಿ ಬಿಡಿಸಿದ ತೂಕಕ್ಕೆ ಸಿಗುವುದು, ಹಾಗಾಗಿ ಬಿಡುವುದು ಗಾಗಲ್ಲನ್ನೇ. ಗಂಡಸಿನ ಮುಖಕ್ಕೆ ಅಳತೆ ಹಿಡಿದು ಮಾಡಿದ ಗಾಗಲ್ ಸಣ್ಣ ಮುಖದ ಹೆಂಗಸಿನ ಕೆನ್ನೆಯ ಹತ್ತಿರ ಸಂದಿ ಬಿಡುತ್ತದೆ, ಆ ಸಂದಿಯಿಂದ ಒಳಹೊಕ್ಕ ಖಾರ ಹೊರಗೂ ಹೋಗದೆ ಒಳಗೇ ಕುದಿಯುತ್ತದೆ. ಇದನ್ನೆಲ್ಲ ತಿಳಿಯಲು ವಿಜ್ಞಾನಿ ಬೇಕಿಲ್ಲ. ಹಾಕಿಕೊಳ್ಳುವವಳನ್ನು ಒಂದು ಮಾತು ಕೇಳಿದರೆ ಸಾಕು.

ಯಾರೂ ಕೇಳಲಿಲ್ಲ.

ಈಗ ನನ್ನ ಕಣ್ಣಿನ ಸುದ್ದಿ. ಶಾಲೆ ಬಿಟ್ಟು ನಾನು ಹೈವೇ ಬದಿಯ ಒಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಸೇರಿದೆ. ಟ್ರಾಲಿ, ಗೇಟು, ಗೋದಾಮಿನ ಟ್ರಸ್. ಮೊದಲು ಹೆಲ್ಪರ್. ಮಿಸ್ತ್ರಿ ವೆಲ್ಡಿಂಗ್ ರಾಡು ತಾಗಿಸುವಾಗ ಕಬ್ಬಿಣ ಹಿಡಿದು ನಿಲ್ಲುವುದು ನನ್ನ ಕೆಲಸ. ಮಿಸ್ತ್ರಿಯ ಕೈಯಲ್ಲಿ ಕಪ್ಪು ಗಾಜಿನ ಶೀಲ್ಡು. ನನಗೆ ‘ಮುಖಾ ಆಕಡೆ ತಿರುಗ್ಸಲೇ’ ಎಂಬ ಎಚ್ಚರಿಕೆ, ಅಷ್ಟೇ. ಮುಖ ತಿರುಗಿಸಿದರೆ ಕಬ್ಬಿಣ ಅಲುಗಾಡುತ್ತದೆ, ಅಲುಗಾಡಿದರೆ ತಲೆಗೆ ಏಟು. ಆರ್ಕಿನ ಬೆಳಕಿನ ಅಪಾಯ ಅಲ್ಲೇ ಗೊತ್ತಾಗುವುದಿಲ್ಲ. ಅದರ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಉರಿ ಏಳುವುದು ಎಷ್ಟೋ ತಾಸಿನ ನಂತರ, ನಡುರಾತ್ರಿ. ಕಣ್ಣಲ್ಲಿ ಮರಳು ತುಂಬಿ ಯಾರೋ ಅರೆಯುತ್ತಿದ್ದಾರೆ ಅನಿಸುತ್ತದೆ. ಶೆಡ್ಡಿನ ಹುಡುಗರೆಲ್ಲ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಗೋಡೆಗೆ ತಲೆ ಹಚ್ಚಿ ರಾತ್ರಿ ಕಳೆದವರೇ. ಕಾರಹುಣ್ಣಿಮೆಯ ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸನ್ನು ಹಾಕಿಕೊಂಡು ನಿಂತವರೂ ನಮ್ಮಲ್ಲಿದ್ದರು. ಅದು ಇನ್ನೂ ಕೆಟ್ಟದ್ದು. ಅತಿನೇರಳೆ ತಡೆಯದ ಬರೀ ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ ಕತ್ತಲೆಗೆ ಪಾಪೆ ಹಿಗ್ಗುತ್ತದೆ, ಹಿಗ್ಗಿದ ಪಾಪೆಯೊಳಗೆ ಕಿರಣ ಮತ್ತಷ್ಟು ನುಗ್ಗುತ್ತದೆ. ಗ್ಯಾಸ್ ವೆಲ್ಡಿಂಗಿಗೆ ಸಾಮಾನ್ಯವಾಗಿ 4ರಿಂದ 6ರ ಶೇಡ್ ಗಾಜು, ಆರ್ಕ್ ವೆಲ್ಡಿಂಗಿಗೆ 10ರಿಂದ 13ರ ಶೇಡ್ ಗಾಜು ಬೇಕು, ಆಂಪಿಯರ್ ಏರಿದಂತೆ ಶೇಡೂ ಏರಬೇಕು. ಈ ಅಂಕಿ ಗಾಜಿನ ಮೂಲೆಯಲ್ಲಿ ಬರೆದಿರುತ್ತದೆ. ಇಷ್ಟು ವರ್ಷ ಕಬ್ಬಿಣ ಹಿಡಿದು ನಿಂತ ನನಗೆ ಇದನ್ನು ಹೇಳಿಕೊಟ್ಟದ್ದು ಶೆಡ್ಡಲ್ಲ, ಆಮೇಲೆ ಓದಿದ ಪುಸ್ತಕ.

ಮುಂದೆ ಗ್ರೈಂಡರ್ ಕೈಗೆ ಬಂತು. ಮಷಿನ್ ಬಂದಾಗ ಇದ್ದ ಗಾರ್ಡನ್ನು ಬಿಚ್ಚಿ ಮೂಲೆಗೆ ಎಸೆದಿದ್ದರು, ಗಾರ್ಡ್ ಇದ್ದರೆ ಮೂಲೆಯೊಳಗೆ ಚಕ್ರ ಹೋಗುವುದಿಲ್ಲವಂತೆ. ಒಂದು ದಿನ ಕಂಪನಿಯೊಂದರ ದೊಡ್ಡ ಆರ್ಡರ್ ಸಿಕ್ಕಿತು. ಅವರ ಕಡೆಯವರು ತಪಾಸಣೆಗೆ ಬರುತ್ತಾರೆಂದು ಮ್ಯಾನೇಜರ್ ಒಂದು ರಟ್ಟಿನ ಡಬ್ಬಿ ಗಾಗಲ್ ತಂದ. ಎಲ್ಲರಿಗೂ ಒಂದೇ ಅಳತೆ, ಒಂದೇ ಬಗೆ. ವೆಲ್ಡರಿಗೂ ಅದೇ, ಗ್ರೈಂಡರಿನವನಿಗೂ ಅದೇ, ಪೇಂಟ್ ಹೊಡೆಯುವವನಿಗೂ ಅದೇ. ತೆಳ್ಳನೆಯ ಪ್ಲಾಸ್ಟಿಕ್ಕು, ಮಗ್ಗುಲಲ್ಲಿ ಬಯಲು, ಎಲ್ಲೂ ಒಂದು ಗುರುತಿಲ್ಲ. ಹಂಚುವಾಗ ಒಂದು ರಿಜಿಸ್ಟರ್ ಮುಂದಿಟ್ಟ. ‘ಇಲ್ಲಿ ಸಹಿ ಹಾಕ್ರೋ.’ ಹಾಕಿದೆವು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಅವರ ಹೆಬ್ಬೆರಳಿಗೂ ಪಟ್ಟಿಯಲ್ಲಿ ನನ್ನ ಕಣ್ಣಿನದೇ ಬೆಲೆ.

ವಾರದೊಳಗೆ ಗೀರು ಬಿದ್ದು ಆ ಗಾಗಲ್ಲಿನಲ್ಲಿ ಚಾಕ್‌ಪೀಸಿನ ಗೆರೆ ಕಾಣದಂತಾಯಿತು. ಗೆರೆ ತಪ್ಪಿ ಕತ್ತರಿಸಿದರೆ ಮಾಲಿನ ದುಡ್ಡು ಪಗಾರದಲ್ಲಿ ಮುರಿಯುತ್ತಿದ್ದರು. ಸೂಪರ್‌ವೈಸರನಿಗೆ ಹೇಳಿದೆ. ‘ಕಾಣಲಿಲ್ಲಂದ್ರ ತೆಗದು ಹೊಡಿ, ಇವತ್ತ ಲೋಡ್ ಹೋಗಬೇಕು’ ಎಂದ. ತೆಗೆದೆ. ಕಿಡಿ ಅಲ್ಲ ಅದು, ಕೆಂಪಗೆ ಕಾದ ಕಬ್ಬಿಣದ ಚೂರು. ಪಾಪೆಯ ಅಂಚಿಗೆ ಕೂತಿತು. ಶೆಡ್ಡಿನಲ್ಲಿ ಇಂಥದ್ದನ್ನು ತೆಗೆಯುವುದರಲ್ಲಿ ಪಳಗಿದವನೊಬ್ಬನಿದ್ದ, ಬ್ಲೇಡಿನ ತುದಿಯಿಂದ ತೆಗೆದ. ಚೂರು ಬಂತು, ತುಕ್ಕು ಉಳಿಯಿತು. ಕಾರ್ನಿಯಾದಲ್ಲಿ ಕಬ್ಬಿಣ ಕೂತರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಅಷ್ಟರಲ್ಲಿ ಕೀವಾಗಿತ್ತು. ಗಾಯ ಮಾಯುವಾಗ ಬಿಳಿ ಹೂವಾಗಿ ಮಾಯಿತು, ಸರಿಯಾಗಿ ಪಾಪೆಯ ನಡುವೆ.

ಪರಿಹಾರ ಕೇಳಲು ಅವ್ವನನ್ನು ಕರೆದುಕೊಂಡು ಹೋದೆ. ಅವಳು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಕುರ್ಚಿ ಇದ್ದವು. ಕೂರು ಎಂದು ಯಾರೂ ಅನ್ನಲಿಲ್ಲ. ಮ್ಯಾನೇಜರ್ ಕಪಾಟಿನಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲೆ ಬಿಡಿಸಿ ಬೆರಳು ಇಟ್ಟ.

‘ಗಾಗಲ್ ಕೊಟ್ಟೀವಿ. ಸಹಿ ನಿಂದ ಹೌದಲ್ಲೋ? ಹಾಕ್ಕೊಳ್ಳಲಾರದ್ದು ನಿನ್ನ ತಪ್ಪು.’

ಅವ್ವ ನನ್ನ ಕಡೆ ನೋಡಿದಳು. ‘ಯಾಕ ಹಾಕ್ಕೊಳ್ಳಲಿಲ್ಲೋ ಮಗನ?’ ಎಂದಳು. ಆ ಮನುಷ್ಯ ನನ್ನ ಅವ್ವನ ಬಾಯಿಂದ ನನ್ನ ಮೇಲೇ ತೀರ್ಪು ಹೇಳಿಸಿದ. ಕಣ್ಣು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಇವತ್ತಿಗೂ ಸುಡುತ್ತದೆ.

ಅವನು ಹೇಳಿದ್ದು ಅವನ ಸ್ವಂತ ಮಾತಲ್ಲ. ಅದೇ 1923ರ ಕಾಯ್ದೆಯ ಮೂರನೆಯ ಕಲಮಿನಲ್ಲಿ ಒಂದು ಗುಂಡಿ ತೋಡಿಟ್ಟಿದ್ದರು. ಸಾವು ಅಥವಾ ಶಾಶ್ವತವಾದ ಪೂರ್ತಿ ಅಂಗವೈಕಲ್ಯ ಆಗಿರದಿದ್ದರೆ, ತನ್ನ ಸುರಕ್ಷತೆಗೆ ಕೊಟ್ಟ ಸಾಧನವೆಂದು ಗೊತ್ತಿದ್ದೂ ಅದನ್ನು ಬೇಕೆಂದೇ ತೆಗೆದ ಅಥವಾ ಕಡೆಗಣಿಸಿದ ಕಾರ್ಮಿಕನಿಗೆ ಮಾಲೀಕ ಪರಿಹಾರ ಕೊಡಬೇಕಿರಲಿಲ್ಲ. ಬೇಕೆಂದೇ! ಗೆರೆ ಕಾಣಲಿ ಎಂದು ತೆಗೆದದ್ದು, ಪಗಾರ ಮುರಿಯದಿರಲಿ ಎಂದು ತೆಗೆದದ್ದು, ಮೇಲಿನವನು ತೆಗೆ ಎಂದದ್ದಕ್ಕೆ ತೆಗೆದದ್ದು, ಇದೆಲ್ಲ ಆ ಪುಸ್ತಕದಲ್ಲಿ ಬರೆದಿರುವುದಿಲ್ಲ. ಸೂಪರ್‌ವೈಸರ್ ಆಡಿದ ಮಾತಿಗೆ ರಿಜಿಸ್ಟರ್ ಇಲ್ಲ. ನನ್ನ ಸಹಿಗೆ ಇದೆ. ಕೋರ್ಟಿಗೆ ಹೋಗಿ ಇದನ್ನು ಬಿಡಿಸಿ ಹೇಳಬಹುದಿತ್ತು, ನ್ಯಾಯ ಕೇಳಬಹುದಿತ್ತು. ದಿನದ ಕೂಲಿ ಬಿಟ್ಟು ತಾರೀಖಿನಿಂದ ತಾರೀಖಿಗೆ ಓಡಾಡುವ ಶಕ್ತಿ ಇದ್ದವರು ಮೊದಲಿಗೇ ಆ ಶೆಡ್ಡಿಗೆ ಹೋಗುತ್ತಿರಲಿಲ್ಲ.

ಹಾಗಾಗಿ ನಾನು ಹೇಳುತ್ತೇನೆ: ಆ ಗಾಗಲ್ಲನ್ನು ತಂದದ್ದು ನನ್ನ ಕಣ್ಣಿಗಲ್ಲ. ಮಾಲೀಕನ ಗಲ್ಲಾಪೆಟ್ಟಿಗೆಗೆ.

ಸರಿಯಾದ ರಕ್ಷಣಾ ಕನ್ನಡಕವನ್ನು ಆರಿಸುವುದು ಹೇಗೆ ಎಂದು ಉಪದೇಶ ಮಾಡುವವರು ಬಹಳ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು, ಅದರ ನೆನಪಿಗೆ ಪ್ರತಿ ವರ್ಷ ಮಾರ್ಚ್ 4ರಿಂದ 10ರವರೆಗೆ ಸುರಕ್ಷತಾ ಸಪ್ತಾಹ. ಬ್ಯಾನರ್, ಪ್ರತಿಜ್ಞೆ, ಫೋಟೊ. ಬ್ಯಾಡಗಿಯಲ್ಲಿ ಅದೇ ಹೊತ್ತಿಗೆ ಮೆಣಸಿನಕಾಯಿಯ ಆವಕ ಉಕ್ಕುತ್ತಿರುತ್ತದೆ. 2024ರಲ್ಲಿ ಸಪ್ತಾಹ ಮುಗಿದ ಮರುದಿನವೇ, ಮಾರ್ಚ್ 11ರಂದು, ದರ ಕುಸಿದದ್ದಕ್ಕೆ ರೈತರು ಸಿಡಿದೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ರಾಜ್ಯವೆಲ್ಲ ಬ್ಯಾಡಗಿಯತ್ತ ತಿರುಗಿತು. ರೈತನ ಸಿಟ್ಟು ನ್ಯಾಯದ ಸಿಟ್ಟು, ಅವನ ಬೆವರಿಗೆ ದರ ಬೇಕು. ಆದರೆ ಆ ಚರ್ಚೆಯಲ್ಲಿ ದರ ಬಂತು, ವರ್ತಕರು ಬಂದರು, ಪೊಲೀಸರು ಬಂದರು. ಅದೇ ಅಂಗಳದಲ್ಲಿ ಕಣ್ಣೀರು ಸುರಿಸುತ್ತ ತುಂಬು ಬಿಡಿಸುವವರ ಹೆಸರನ್ನು ನಾನು ಎಲ್ಲೂ ಓದಲಿಲ್ಲ. ನಮ್ಮ ಜಿಲ್ಲೆಯ ಹೆಮ್ಮೆ ಹೇಳುವಾಗ ಬಾಡದ ಕನಕದಾಸರು, ಅಬಲೂರಿನ ಸರ್ವಜ್ಞ, ಶಿಶುವಿನಹಾಳದ ಶರೀಫರು, ಏಲಕ್ಕಿ ಹಾರ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಬರುತ್ತವೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದ ಮೂರು ದಿನವೂ ಬ್ಯಾಡಗಿಯಲ್ಲಿ ಸುಗ್ಗಿಯೇ. ಕಾಯಿಯ ಕೆಂಪನ್ನು ಹಾಡಿದ ನಮ್ಮ ಬರಹಗಾರರೇ, ಬಿಡಿಸುವವಳ ಕಣ್ಣೂ ಕೆಂಪಗಿದೆ. ಒಮ್ಮೆ ಬಂದು ನೋಡಿ.

ಕಾಯ್ದೆ ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನ ಹೆಸರೇ ಕಣ್ಣುಗಳ ರಕ್ಷಣೆ. ಚೂರು ಸಿಡಿಯುವ ಕೆಲಸಕ್ಕೆ, ಕಣ್ಣು ಕುಕ್ಕುವ ಬೆಳಕಿನ ಕೆಲಸಕ್ಕೆ ಪರಿಣಾಮಕಾರಿ ಪರದೆ ಅಥವಾ ತಕ್ಕ ಗಾಗಲ್ ಕೊಡುವಂತೆ ಸರ್ಕಾರ ನಿಯಮ ಮಾಡಬಹುದು ಎಂದು ಅದು ಹೇಳಿತು. 114ನೇ ಕಲಮು ಇಂಥ ಸೌಕರ್ಯಕ್ಕೆ ಕಾರ್ಮಿಕನಿಂದ ದುಡ್ಡು ಮುರಿಯಬಾರದು ಎಂದಿತು. ಆದರೆ ಕಾರ್ಖಾನೆ ಎಂದರೆ ಯಾವುದು? ವಿದ್ಯುತ್ ಬಳಸಿದರೆ 10 ಜನ, ಬಳಸದಿದ್ದರೆ 20 ಜನ ಇರಬೇಕಿತ್ತು. ಹೈವೇ ಬದಿಯ ಶೆಡ್ಡಿನಲ್ಲಿ ಎಂಟು ಜನ, ಒಂಬತ್ತು ಜನ. ಹತ್ತನೆಯವನ ಹೆಸರು ಹಾಜರಿ ಪುಸ್ತಕಕ್ಕೆ ಏರುವುದೇ ಇಲ್ಲ. ಈಗಿನ ಹೊಸ ಸಂಹಿತೆ ಆ ಮಿತಿಯನ್ನು 20 ಮತ್ತು 40ಕ್ಕೆ ಏರಿಸಿದೆ. ಹತ್ತೊಂಬತ್ತು ಜೊತೆ ಕಣ್ಣುಗಳು ಗ್ರೈಂಡರಿನ ಮುಂದಿದ್ದರೂ ಅದು ಕಾರ್ಖಾನೆಯಲ್ಲ. ಇದನ್ನು ಸುಧಾರಣೆ ಎಂದು ಕರೆದರು.

ಇನ್ನು ಹೊಲದ ಕಣದಲ್ಲಿ? ನಮ್ಮ ಸೀಮೆಯಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ. ರಾಶಿ ಮಷಿನ್ ಸುರುವಾದರೆ ಹೊಟ್ಟು, ರವದಿಯ ಚೂರು ಗಾಳಿಗೆ ಹಾರುತ್ತವೆ. ನಮ್ಮ ಚಿಗಪ್ಪ ತೆನೆ ಹಾಕುತ್ತ ನಿಂತಿದ್ದಾಗ ಕಣ್ಣಿಗೆ ಹೊಟ್ಟು ಬಡಿಯಿತು. ಸೆರಗಿನ ತುದಿಯಿಂದ ತೆಗೆಸಿಕೊಂಡ. ಕೆಂಪಾಯಿತೆಂದು ಔಷಧದ ಅಂಗಡಿಯಲ್ಲಿ ಡ್ರಾಪ್ಸ್ ಕೇಳಿದ, ಅಂಗಡಿಯವನು ಸ್ಟೆರಾಯ್ಡ್ ಇದ್ದದ್ದನ್ನು ಕೊಟ್ಟ. ಹಸಿರು ಕಸ, ಕಾಳಿನ ಹೊಟ್ಟು ತಾಗಿದ ಕಣ್ಣಿನ ಗಾಯದಲ್ಲಿ ಶಿಲೀಂಧ್ರ ಬೆಳೆಯಬಹುದು. ಸ್ಟೆರಾಯ್ಡ್ ಹಾಕಿದರೆ ಉರಿ ಇಳಿದಂತಾಗಿ ಒಳಗೆ ಅದು ಕೊಬ್ಬುತ್ತದೆ. ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಗುಡ್ಡೆ ಉಳಿಸಲಾಗಲಿಲ್ಲ. 1983ರಲ್ಲೇ ರಾಶಿ ಯಂತ್ರಗಳಿಗೆಂದು ಅಪಾಯಕಾರಿ ಯಂತ್ರಗಳ ಕಾಯ್ದೆ ಬಂದಿದೆ. ಚಿಗಪ್ಪನ ಕಣ್ಣು ಯಾವ ಕಡತಕ್ಕೂ ಏರಲಿಲ್ಲ. ಆ ಕಣಕ್ಕೆ ಬೇಕಿದ್ದದ್ದು ಮಗ್ಗುಲು ಮುಚ್ಚಿದ ಒಂದು ಪಾಲಿಕಾರ್ಬೊನೇಟ್ ಚಾಳೀಸು, ಕೆಲವು ನೂರು ರೂಪಾಯಿಯ ಮಾತು. ಮಷಿನ್ ಬಾಡಿಗೆಗೆ ಕೊಡುವವನು ಡೀಸೆಲ್ ಲೆಕ್ಕ ಹಾಕುತ್ತಾನೆ, ಬೆಲ್ಟಿನ ಸವಕಳಿ ಲೆಕ್ಕ ಹಾಕುತ್ತಾನೆ. ತೆನೆ ಹಾಕುವವನ ಕಣ್ಣು ಆ ಬಾಡಿಗೆಯಲ್ಲಿ ಇಲ್ಲ.

ಗಾಗಲ್ ಒಂದರಿಂದ ಎಲ್ಲ ಸರಿಹೋಗುತ್ತದೆ ಎಂದು ನಂಬಿಸುವವರ ಮೇಲೂ ನನಗೆ ಸಿಟ್ಟಿದೆ. ಮೊದಲು ಗ್ರೈಂಡರಿಗೆ ಗಾರ್ಡ್ ಹಾಕಿ. ವೆಲ್ಡಿಂಗಿನ ಸುತ್ತ ಪರದೆ ಕಟ್ಟಿ, ಆಚೆ ನಿಂತವನಿಗೆ ಬೆಳಕು ಬಡಿಯದಿರಲಿ. ಪುಡಿ ಗಿರಣಿಯ ಬಾಯಿ ಮುಚ್ಚಿ, ಧೂಳೆಳೆಯುವ ಫ್ಯಾನ್ ಹಚ್ಚಿ. ತುಂಬು ಬಿಡಿಸುವಲ್ಲಿ ಗಾಳಿ ಆಡುವ ಛಾವಣಿ, ಕಣ್ಣು ತೊಳೆಯಲು ಹರಿಯುವ ನೀರಿನ ನಲ್ಲಿ ಇರಲಿ. ಅಷ್ಟೆಲ್ಲ ಆದ ಮೇಲೂ ಉಳಿಯುವ ಅಪಾಯಕ್ಕೆ ಗಾಗಲ್. ಇಲ್ಲಿ ಎಲ್ಲ ತಲೆಕೆಳಗಾಗಿದೆ. ಯಂತ್ರವನ್ನು ಬೆತ್ತಲೆ ಬಿಟ್ಟು ಕಾರ್ಮಿಕನಿಗೆ ಪ್ಲಾಸ್ಟಿಕ್ ತುಂಡು ಕೊಟ್ಟು, ಉಳಿದದ್ದು ನಿನ್ನ ಜವಾಬ್ದಾರಿ ಎನ್ನುತ್ತಾರೆ.

ಕೊಡುವ ಗಾಗಲ್ ಆದರೂ ಕೆಲಸಕ್ಕೆ ತಕ್ಕದ್ದಾಗಿರಲಿ. ಚೂರು ಸಿಡಿಯುವಲ್ಲಿ ಏಟು ತಡೆಯುವ ಗುರುತು ನೋಡಬೇಕು. ಇಎನ್ 166ರಲ್ಲಿ ಎಫ್ ಎಂದರೆ ಸಣ್ಣ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಾಳುವಂಥದ್ದು, ಬಿ ಎಂದರೆ 120 ಮೀಟರ್. ಗ್ರೈಂಡರಿಗೆ ಬಿ ಇರಲಿ, ಮೇಲೆ ಮುಖಕ್ಕೆ ಶೀಲ್ಡೂ ಇರಲಿ. ವೆಲ್ಡಿಂಗ್ ಮುಗಿಸಿ ಸ್ಲ್ಯಾಗ್ ಕೆತ್ತುವಾಗ ಕಪ್ಪು ಗಾಜು ಎತ್ತಿಬಿಡುತ್ತಾರೆ, ಚೂರು ಹಾರುವುದು ಆಗಲೇ. ಅದರಡಿ ಬಿಳಿ ಗಾಜಿನ ಚಾಳೀಸು ಇರಬೇಕು. ಹೆಲ್ಪರ್ ಹುಡುಗನಿಗೂ ಮಿಸ್ತ್ರಿಗೆ ಕೊಟ್ಟ ಗಾಜೇ ಬೇಕು, ಬೆಳಕಿಗೆ ಪಗಾರದ ಹೆಚ್ಚುಕಡಿಮೆ ತಿಳಿಯುವುದಿಲ್ಲ. ನಂಬರಿನ ಚಾಳೀಸು ಇದ್ದವನಿಗೆ ಅದೇ ನಂಬರಿನ ರಕ್ಷಣಾ ಗಾಜು ಮಾಡಿಸಿಕೊಡಬೇಕು. ಗೀರು ಬಿದ್ದ ದಿನ ಹೊಸದು ಕೊಡಬೇಕು.

ಇಷ್ಟು ಹೇಳಿ ಮಾಲೀಕರ ಕಡೆ ನೋಡುವುದಿಲ್ಲ. ನನ್ನ ಮಾತು ಶೆಡ್ಡಿನೊಳಗೆ, ಗಿರಣಿಯೊಳಗೆ, ತುಂಬಿನ ಗುಡ್ಡೆಯ ಮುಂದೆ ಕೂತವರಿಗೆ. ಅಕ್ಕಗಳಿರಾ, ತಮ್ಮಗಳಿರಾ, ಡಬ್ಬಿ ಬಂದ ದಿನ ಮೊದಲು ಸಹಿ ಹಾಕಬೇಡಿ. ಗಾಗಲ್ ಹಾಕಿಕೊಂಡು ಒಂದು ತಾಸು ನಿಮ್ಮದೇ ಕೆಲಸ ಮಾಡಿ ನೋಡಿ. ಗುರುತು ಇದೆಯೇ, ಮಗ್ಗುಲಲ್ಲಿ ಸಂದಿ ಇದೆಯೇ, ಹಬೆ ಕಟ್ಟುತ್ತದೆಯೇ, ಗೆರೆ ಕಾಣುತ್ತದೆಯೇ ನೋಡಿ. ಸರಿಯಿಲ್ಲದಿದ್ದರೆ ‘ಸರಿಯಿಲ್ಲ, ವಾಪಸ್ ಕೊಟ್ಟಿದ್ದೇನೆ’ ಎಂದು ಅದೇ ರಿಜಿಸ್ಟರಿನಲ್ಲಿ ತಾರೀಖು ಹಾಕಿ ಬರೆಯಿರಿ, ಮೊಬೈಲಿನಲ್ಲಿ ಆ ಪುಟದ ಫೋಟೊ ಇಟ್ಟುಕೊಳ್ಳಿ. ಒಬ್ಬರೇ ಹೀಗೆ ಮಾಡಿದರೆ ನಾಳೆ ಕೆಲಸಕ್ಕೆ ಬರಬೇಡ ಎನ್ನುತ್ತಾರೆ. ನನಗೆ ಗೊತ್ತು. ಇಡೀ ಶೆಡ್ಡಿನವರು ಒಂದೇ ದಿನ, ಒಂದೇ ಪುಟದಲ್ಲಿ ಬರೆಯಿರಿ.